ಸೂಟ್‌ಕೇಸಿನ ಸು-ಚಿನ್ ಮತ್ತು ಮೂಲಂಗಿ ಎಂಬ ಬೆಕ್ಕು

ಉತ್ತರದ ಕೀಲುಂಗ್ ಬಂದರಿನಿಂದ ದಕ್ಷಿಣದ ತುದಿಯ ಹೆಂಗ್‌ಚುನ್‌ವರೆಗೆ, ತೈವಾನಿನ ಬೆಕ್ಕುಗಳಿಗೆಲ್ಲ ಒಂದೇ ಒಂದು ದಿನ ಮತದಾನದ ಹಕ್ಕು ಕೊಟ್ಟು ನೋಡಿ. ಸಂಜೆಯೊಳಗೆ ಲಾಯ್ ಸು-ಚಿನ್ ದೇಶದ ಅಧ್ಯಕ್ಷೆ. ನಾಯಿಗಳನ್ನೂ ಸೇರಿಸಿದಿರೋ, ಎದುರು ನಿಂತವರ ಠೇವಣಿ ಹೋಯಿತು. ಐವತ್ತೆಂಟು ವಯಸ್ಸಿನ ಈ ಹೆಂಗಸು ಮೂವತ್ತು ವರ್ಷದಲ್ಲಿ ಎರಡು ಸಾವಿರದ ಮುನ್ನೂರು ಮನೆಗಳಲ್ಲಿ ಇದ್ದು ಬಂದಿದ್ದಾರೆ. ಯಜಮಾನರು ಊರಿಗೆ ಹೋದಾಗ ಅವರ ಪ್ರಾಣಿಗಳನ್ನು ನೋಡಿಕೊಂಡು, ಅವರು ಬಂದ ಮೇಲೆ ಬೀಗದ ಕೈ ಒಪ್ಪಿಸಿ ಮುಂದಿನ ಊರಿಗೆ ಹೊರಟಿದ್ದಾರೆ. ಇಷ್ಟು ವರ್ಷದಲ್ಲಿ ತಪ್ಪಿಸಿಕೊಂಡ ನಾಯಿಯಿಲ್ಲ, ಒಡೆದ ಬಟ್ಟಲಿಲ್ಲ, ಒಂದೇ ಒಂದು ತಪ್ಪಿಲ್ಲ. ನಂಬುವವರು ನಂಬಿ, ನಂಬದವರು ಬೆಕ್ಕನ್ನು ಕೇಳಿಕೊಳ್ಳಿ.

ಬೆಳಗಿನ ಐದೂವರೆ. ತೈನಾನ್ ನಗರದ ಹಳೆಯ ಭಾಗ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಗಲ್ಲಿ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ದೀಪ ಹತ್ತುತ್ತದೆ. ಸು-ಚಿನ್ ತಮ್ಮ ಪುಟ್ಟ ಪಾದಗಳನ್ನು ಎರಡು ದೋಣಿಗಳಂಥ ಚಪ್ಪಲಿಗಳೊಳಗೆ ತೂರಿಸಿ, ಪಟಾರ್ ಪಟಾರ್ ಎಂದು ಬಡಿಯುತ್ತ ನಡುಮನೆ ದಾಟುತ್ತಾರೆ. ಸೋಫಾ ಮೇಲಿನ ಎರಡು ಬೆಕ್ಕುಗಳು ಕಿವಿ ತಿರುಗಿಸಿ, ಸರಿ ಎನ್ನಿಸಿ, ಮತ್ತೆ ಕಣ್ಣು ಮುಚ್ಚುತ್ತವೆ. ಚಪ್ಪಲಿ ಈ ಮನೆಯ ಯಜಮಾನನದು. ಯಜಮಾನ ಹೆಂಡತಿ ಮಗನೊಂದಿಗೆ ಹಿಮ ನೋಡಲು ಜಪಾನಿಗೆ ಹೋಗಿದ್ದಾನೆ.

"ಬೆಕ್ಕು ಮೊದಲು ಮುಖ ನೋಡಲ್ಲ ಕಣಪ್ಪ, ಹೆಜ್ಜೆ ಕೇಳುತ್ತೆ," ಅನ್ನುತ್ತಾರೆ ಸು-ಚಿನ್. "ಬೆಳಗ್ಗೆ ಬರೋ ಸದ್ದು ದಿನಾ ಬರೋ ಸದ್ದೇ ಆಗಿದ್ರೆ ಅರ್ಧ ಹೆದರಿಕೆ ಹೋಯ್ತು. ನನ್ನ ಕಾಲು ಜಾರಿ ಬಿದ್ರೆ ಬೀಳಲಿ."

ಪಂಜರದ ಬಟ್ಟೆ ಸರಿಸಿದ್ದೇ ತಡ, ಗಿಳಿ ಮನೆಯೊಡತಿಯ ದನಿಯಲ್ಲೇ ಗದರುತ್ತದೆ: "ಲೈಟು ಆರಿಸೋ, ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

"ಕಟ್ಟೋದು ಅವರಪ್ಪನೇ," ಎಂದು ಸು-ಚಿನ್ ಅದಕ್ಕೆ ಶಾಂತವಾಗಿ ತಿಳಿಸಿ, ನೀರು ಬದಲಿಸುತ್ತಾರೆ. ಈ ಸಂಭಾಷಣೆ ದಿನಕ್ಕೆ ಹದಿನೈದು ಸಲ ನಡೆಯುತ್ತದೆ. ಗಿಳಿ ಇನ್ನೂ ಒಪ್ಪಿಕೊಂಡಿಲ್ಲ.

ಆಮೇಲೆ ಗೆಣಸಿನ ಸರದಿ. ಗೆಣಸು ಎಂದರೆ ನಾಯಿ. ಈ ದ್ವೀಪದ ಜನ ಸಾಕಿದ ಪ್ರಾಣಿಗೆಲ್ಲ ತಿನ್ನುವ ವಸ್ತುಗಳ ಹೆಸರೇ ಇಡುತ್ತಾರೆ. ಹದಿನಾಲ್ಕು ವರ್ಷದ ಗೆಣಸಿಗೆ ಒಂದು ಕಣ್ಣು ಕಾಣದು, ಹಿಂಗಾಲು ಮಾತು ಕೇಳದು. ಅದನ್ನು ಎತ್ತಿಕೊಂಡು ಮೂರು ಮಹಡಿ ಇಳಿದು, ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿ, ಗಲ್ಲಿಯ ತುದಿಯ ತಿಂಡಿ ಅಂಗಡಿಯವರೆಗೆ ತಳ್ಳಿಕೊಂಡು ಹೋಗುವುದು ಬೆಳಗಿನ ಕ್ರಮ. ಅಂಗಡಿಯಾಕೆ ಎಪ್ಪತ್ತು ದಾಟಿದವರನ್ನೂ ಸುಂದರಿ ಎಂದೇ ಕರೆಯುತ್ತಾಳೆ.

"ಏನ್ ಸುಂದರಿ, ಇವತ್ತೂ ನೀನೇ ತಳ್ತಾ ಇದೀಯ? ನಾಯಿ ನಿನ್ನ ತಳ್ಳೋದು ಯಾವಾಗ?"

"ಮುಂದಿನ ವರ್ಷ. ನನ್ನ ಮಂಡಿ ಹೀಗೇ ಇದ್ರೆ."

ಸೋಯಾ ಹಾಲು ಒಂದು ಲೋಟ, ಮೊಟ್ಟೆ ಸುತ್ತಿದ ರೊಟ್ಟಿ ಒಂದು. ರೊಟ್ಟಿಯ ಒಣ ಅಂಚು ಗೆಣಸಿಗೆ. ಈ ಗಲ್ಲಿಗೆ ಸು-ಚಿನ್ ಬಂದು ಒಂಬತ್ತು ದಿನವಾಗಿದೆ ಅಷ್ಟೆ. ಅಂಗಡಿಯಾಕೆಯ ಸೊಸೆಗೆ ಯಾವ ತಿಂಗಳಲ್ಲಿ ಹೆರಿಗೆ ಎನ್ನುವುದು ಆಗಲೇ ಗೊತ್ತಿದೆ. ಎರಡನೇ ಮಹಡಿಯವರು ನಾಲ್ಕನೇ ಮಹಡಿಯವರ ಜತೆ ಮಾತು ಬಿಟ್ಟಿರುವುದು ಹೂಕುಂಡದ ದೆಸೆಯಿಂದ ಎನ್ನುವುದೂ ಗೊತ್ತಿದೆ.

ಇಷ್ಟೆಲ್ಲ ತಿಳಿಯುವುದು ಹೇಗೆ ಎಂದರೆ ಕಸದ ಲಾರಿಯನ್ನು ತೋರಿಸುತ್ತಾರೆ. ಸಂಜೆ ಆರೂವರೆಗೆ ಲಾರಿ ತನ್ನ ಹಾಡು ಹಾಕಿಕೊಂಡು ಮೂಲೆ ತಿರುಗುವ ಮುಂಚೆಯೇ ಬೀದಿಯ ಜನವೆಲ್ಲ ಚೀಲ ಹಿಡಿದು ಕೆಳಗಿಳಿದಿರುತ್ತಾರೆ. ಹತ್ತು ನಿಮಿಷ ಕಾಯಬೇಕು, ಕೈಯಲ್ಲಿ ನಾರುವ ಚೀಲ, ಹೋಗಲು ಬೇರೆ ದಾರಿಯಿಲ್ಲ. ಮಾತಾಡದೆ ಏನು ಮಾಡುತ್ತಾರೆ? ಹೊಸ ಊರಿನಲ್ಲಿ ಮೂರು ಸಲ ಕಸ ಹಾಕಿದರೆ ಸಾಕು, ಯಾವ ಪಶುವೈದ್ಯ ಕೈಗೆ ಸಿಗುತ್ತಾನೆ, ಯಾವ ಮೀನಿನವಳು ತೂಕದಲ್ಲಿ ನಿಯತ್ತಿನವಳು ಎಲ್ಲ ತಿಳಿಯುತ್ತದೆ ಎಂಬುದು ಅವರ ಅನುಭವ. ಮೊದಲ ಸಂಜೆ ಒಬ್ಬ ಮುದುಕರು, ನೀನು ಯಾರ ಕಡೆಯವಳು ಎಂದು ಕೇಳಿದ್ದರಂತೆ. "ಮೂರನೇ ಮಹಡಿ ನಾಯಿ ಕಡೆಯವಳು" ಎಂದದ್ದಕ್ಕೆ ಆ ಮುದುಕರು ತಲೆಯಾಡಿಸಿ, ಒಳ್ಳೆ ಮನೆತನ ಎಂದರಂತೆ.

ಸು-ಚಿನ್ ಅವರ ಸ್ವಂತ ಆಸ್ತಿ ಒಂದು ಸೂಟ್‌ಕೇಸು. ಅದನ್ನು ಎಳೆದ ದೂರವನ್ನು ಜೋಡಿಸಿದರೆ ಚಂದ್ರನಿಗೆ ಹೋಗಿ ಬಂದು, ಕಾಲು ತೊಳೆದುಕೊಂಡು, ಮತ್ತೊಮ್ಮೆ ಹೊರಡಬಹುದು. ಅದರೊಳಗೆ ನಾಲ್ಕು ಜತೆ ಬಟ್ಟೆ, ಮಂಡಿಪಟ್ಟಿ, ಗೀರು ಗಾಯದ ಮುಲಾಮು, ಸೀನು ನಿಲ್ಲಿಸುವ ಮಾತ್ರೆ. ಬೆಕ್ಕಿನ ಕೂದಲು ಇವರಿಗೆ ಆಗಿಬರುವುದಿಲ್ಲ. ಇದನ್ನು ಯಾವ ಯಜಮಾನರಿಗೂ ಮುಚ್ಚಿಟ್ಟಿಲ್ಲ. ಒಂದು ಮನೆಯಲ್ಲಿ ಸತತ ಇಪ್ಪತ್ತು ಸಲ ಸೀನಿದಾಗ, ಆ ಮನೆಯ ಬೆಕ್ಕೇ ಎದ್ದು ಹೋಗಿ ಮಾತ್ರೆ ಡಬ್ಬಿಯ ಪಕ್ಕ ಕೂತಿತ್ತಂತೆ.

ಇವರ ಊರು ಛಾಂಗ್‌ಹ್ವಾ. ಇಪ್ಪತ್ತಮೂರನೇ ವಯಸ್ಸಿನಿಂದ ನಲವತ್ತೈದರವರೆಗೆ ಜಿಪ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಹಲ್ಲಿಗೆ ಹಲ್ಲು ಕೂಡುತ್ತದೋ ಇಲ್ಲವೋ ಎಂದು ಎಳೆದು ನೋಡಿ ಪಾಸು ಮಾಡುವುದು. ಈಗಲೂ ಬಸ್ಸಿನಲ್ಲಿ ಎದುರು ಕೂತವರ ಅಂಗಿಯ ಜಿಪ್ ಬಾಯಿ ಬಿಟ್ಟಿದ್ದರೆ ಇವರ ಬೆರಳು ತುರಿಸುತ್ತದೆ. ಕಾರ್ಖಾನೆ ಸಮುದ್ರದಾಚೆಗೆ ಹೋಯಿತು. ಅದಾದ ಎರಡು ವರ್ಷಕ್ಕೆ ಗಂಡನೂ ಹೋದ. ಅವನು ಸಮುದ್ರ ದಾಟಲಿಲ್ಲ, ಪಕ್ಕದ ಬೀದಿಗೆ ಹೋದ. ವಿಚ್ಛೇದನವಾಯಿತು.

ಕಷ್ಟ ಅಂದರೆ ಏನೆಂದು ಕೇಳಿದಾಗ ಸು-ಚಿನ್ ಹೇಳಿದ್ದು ಇವೆರಡನ್ನೂ ಅಲ್ಲ. ಆ ವರ್ಷದ ಕೊನೆಯ ದಿನದ ಊಟವನ್ನು. ಚಾಂದ್ರಮಾನದ ಹೊಸ ವರ್ಷದ ಹಿಂದಿನ ಸಂಜೆ ಮನೆಮಂದಿಯೆಲ್ಲ ಒಂದು ಮೇಜಿಗೆ ಕೂರುವ ಊಟ. ಮದುವೆ ಮಾಡಿ ಕಳಿಸಿದ ಮಗಳು ಆ ಸಂಜೆ ತವರಿನ ಮೇಜಿಗೆ ಕೂತರೆ ಅಣ್ಣತಮ್ಮಂದಿರ ಮನೆಗೆ ಏಳಿಗೆಯಿಲ್ಲ ಎನ್ನುತ್ತಾರೆ. ಅವಳು ಬರಬೇಕಾದದ್ದು ಹೊಸ ವರ್ಷದ ಎರಡನೆಯ ದಿನ. ಗಂಡನನ್ನು ಬಿಟ್ಟವಳಿಗೆ ಈ ಲೆಕ್ಕದಿಂದ ವಿನಾಯಿತಿಯೇನೂ ಇಲ್ಲ. ಅತ್ತಿಗೆ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಫೋನು ಮಾಡಿ, ಎರಡನೇ ದಿನ ಎಷ್ಟು ಹೊತ್ತಿಗೆ ಬರ್ತೀಯ ಎಂದು ಮಾತ್ರ ಕೇಳಿದಳು. ಗಂಡನ ಮನೆಯ ಮೇಜೂ ಇಲ್ಲ, ತವರಿನದೂ ಇಲ್ಲ. ಅದೇ ವಾರ ಕಾರ್ಖಾನೆಯ ಗೆಳತಿಯೊಬ್ಬಳು ಅತ್ತೆ ಮನೆಗೆ ಹೊರಟಿದ್ದಳು. ಐದು ದಿನ ನನ್ನ ಬೆಕ್ಕಿಗೆ ಅನ್ನ ಹಾಕ್ತೀಯಾ ಎಂದಳು. "ಅವತ್ತು ಸಂಜೆ ಬೆಕ್ಕು ನಾನು ಇಬ್ಬರೇ ಮೀನು ತಿಂದ್ವಿ," ಅನ್ನುತ್ತಾರೆ ಸು-ಚಿನ್. "ಬೆಕ್ಕು ಏಳಿಗೆ ಗೀಳಿಗೆ ಅಂತ ಏನೂ ಕೇಳಲಿಲ್ಲ."

ಐದು ದಿನ ಹೋಗಿ ತಿಂಗಳಾಯಿತು, ಒಬ್ಬಳು ಹೋಗಿ ಹತ್ತು ಮಂದಿಯಾದರು. ಬಾಡಿಗೆ ಕೋಣೆ ಬಿಟ್ಟರು. ಈಗ ವರ್ಷದ ಮುನ್ನೂರ ಅರವತ್ತೈದು ದಿನದಲ್ಲಿ ನಾನೂರು ದಿನ ಕಂಡವರ ಮನೆಯಲ್ಲೇ. ಸ್ವಂತ ವಿಳಾಸ ಇಲ್ಲ, ಕಾಗದಪತ್ರ ಬರುವುದು ಗೆಳತಿಯ ಮನೆಗೆ. ಹಾಸಿಗೆ ವಾರಕ್ಕೊಂದು ಬಗೆ. ಎಚ್ಚರವಾದಾಗ ಕಿಟಕಿ ಎಡಕ್ಕಿದೆಯೋ ಬಲಕ್ಕೋ ಎಂದು ಮೊದಲು ನೆನಪು ಮಾಡಿಕೊಳ್ಳಬೇಕು. ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಮನೆಗಳೇ ಹೆಚ್ಚು. ಎಡಗೈಯಲ್ಲಿ ಹನ್ನೆರಡು ಕಚ್ಚಿದ ಗುರುತುಗಳಿವೆ, ಕೇಳಿದರೆ ಒಂದೊಂದರ ಹೆಸರೂ ಹೇಳುತ್ತಾರೆ. ಅದರಲ್ಲಿ ಒಂದು ಆಮೆ.

ಕೆಲಸಕ್ಕೆ ಒಪ್ಪಿಕೊಳ್ಳುವಾಗ ಯಜಮಾನರಿಂದ ಇವರು ಕೇಳಿಪಡೆಯುವುದು ಮೂರು: ಬೀಗದ ಕೈ, ಮನೆಯೊಳಗೆ ತೊಡುವ ಚಪ್ಪಲಿ, ಒಗೆಯದ ಒಂದು ಅಂಗಿ. ಅಂಗಿಯನ್ನು ಪ್ರಾಣಿ ಮಲಗುವ ಜಾಗದಲ್ಲಿ ಹಾಸುತ್ತಾರೆ. ವಾಸನೆ ಇರುವವರೆಗೆ ಯಜಮಾನರು ಪಕ್ಕದ ಕೋಣೆಯಲ್ಲೇ ಇದ್ದಾರೆಂದು ಅದು ನಂಬುತ್ತದೆ. ಬಂದ ದಿನ ಮನೆಯ ಮೂಲೆಮೂಲೆಯ ಫೋಟೋ ತೆಗೆದುಕೊಳ್ಳುತ್ತಾರೆ. ಹೋಗುವ ದಿನ ಆ ಫೋಟೋ ನೋಡಿಕೊಂಡು ಟೀವಿಯ ರಿಮೋಟನ್ನೂ ಅದೇ ಓರೆಯಲ್ಲಿ ಇಡುತ್ತಾರೆ. ಇನ್ನು ಸ್ವಚ್ಛತೆ. ಇವರು ಒರೆಸಿದ ನೆಲದಲ್ಲಿ ಬೆಕ್ಕು ತನ್ನ ಪ್ರತಿಬಿಂಬ ಕಂಡು ಜಗಳಕ್ಕೆ ನಿಂತದ್ದುಂಟು. ಯಾರೋ ಬಂದಿದ್ದರು ಎಂದು ಮನೆಗೇ ಗೊತ್ತಾಗಬಾರದು, ಇದು ಅವರ ಹೆಮ್ಮೆ.

ಈ ಶನಿವಾರ ಪತ್ರಿಕೆ ನಿಮ್ಮ ಕೈಗೆ ಬರುವ ದಿನ, ಚಾಂದ್ರಮಾನ ವರ್ಷದ ಕೊನೆಯ ತಿಂಗಳ ಇಪ್ಪತ್ತಾರನೇ ತಾರೀಕು. ಮರುದಿನ ಹಿಮದವರು ಜಪಾನಿನಿಂದ ವಾಪಸು. ಇಪ್ಪತ್ತೆಂಟಕ್ಕೆ ಸು-ಚಿನ್ ಚಿಯಾಯಿ ನಗರಕ್ಕೆ ಹೋಗಬೇಕು, ಕೋ ಪಾವ್-ಚು ಎಂಬ ಎಪ್ಪತ್ತೆರಡರ ವಿಧವೆಯ ಮನೆಗೆ. ಐದು ವರ್ಷದಿಂದ ಪ್ರತಿ ಹೊಸ ವರ್ಷಕ್ಕೂ ಅಲ್ಲೇ. ಪಾವ್-ಚು ತೈಪೆಯ ಮಗನ ಮನೆಗೆ ಹೋಗುತ್ತಾರೆ, ಸು-ಚಿನ್ ಅವರ ಬೆಕ್ಕಿನ ಜತೆ ಇರುತ್ತಾರೆ. ಈ ಸಲ ಒಂದು ಬದಲಾವಣೆ ಇದೆ. ಪಾವ್-ಚು ತೈಪೆಗೆ ಹೋಗುತ್ತಿಲ್ಲ, ರೈಲಿನಲ್ಲಿ ಕೂರಲು ಸೊಂಟ ಬಿಡುತ್ತಿಲ್ಲ. ಆದರೂ ಫೋನು ಮಾಡಿ ಸು-ಚಿನ್‌ಗೆ ಬರಲು ಹೇಳಿದ್ದಾರೆ. ಬೆಕ್ಕನ್ನು ನೋಡಿಕೊಳ್ಳಬೇಕಂತೆ. ಮನೆಯಲ್ಲೇ ಇರುವ ಯಜಮಾನಿಗೆ ಬೆಕ್ಕು ನೋಡಿಕೊಳ್ಳುವವರು ಯಾಕೆ ಎಂದು ಸು-ಚಿನ್ ಕೇಳಿಲ್ಲ, ಪಾವ್-ಚು ಹೇಳಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ವರ್ಷದ ಕೊನೆಯ ಸಂಜೆ ಇವರ ಮುಂದೆ ಇನ್ನೊಬ್ಬ ಮನುಷ್ಯರು ಊಟಕ್ಕೆ ಕೂತಿರುತ್ತಾರೆ. ಇದು ಇಬ್ಬರಿಗೂ ಗೊತ್ತಿದೆ.

"ಎರಡು ಬಟ್ಟಲು ತೊಳೆಯೋದಿರುತ್ತೆ," ಎಂದಷ್ಟೇ ಹೇಳಿ ಸು-ಚಿನ್ ಗಿಳಿಯ ಕಡೆ ತಿರುಗುತ್ತಾರೆ.

ಆ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಎಲೆಮರೆಯ ಕಾಯಿಯ ನಿಜವಾದ ಪ್ರತಾಪ ತಿಳಿಯದು. ಐದು ವರ್ಷದ ಹಿಂದಿನ ಮಾತು, ಅಲ್ಲಿಗೆ ಹೋದ ಮೊದಲ ವರ್ಷ. ಬೆಕ್ಕಿನ ಹೆಸರು ಮೂಲಂಗಿ. ಬೆಳ್ಳಗೆ, ಉದ್ದಕ್ಕೆ, ತುಸು ಖಾರ. ಪಾವ್-ಚು ಅವರ ಗಂಡ ಬಸ್ಸು ಓಡಿಸುತ್ತಿದ್ದವರು, ತೀರಿಕೊಂಡು ಆಗ ಎರಡು ವರ್ಷ. ಅವರ ನೀಲಿ ಜಾಕೆಟ್ಟು ಕುರ್ಚಿಯ ಕೆಳಗಿನ ಬುಟ್ಟಿಯಲ್ಲಿತ್ತು, ಮೂಲಂಗಿ ಅದರ ಮೇಲೆ ಬಿಟ್ಟು ಬೇರೆಲ್ಲೂ ಮಲಗುತ್ತಿರಲಿಲ್ಲ. ಹೊಸ ವರ್ಷಕ್ಕೆ ಮುಂಚೆ ಮನೆಯ ಮೂಲೆಮೂಲೆ ತೊಳೆಯುವುದು ನಮ್ಮಲ್ಲಿ ಪದ್ಧತಿಯಷ್ಟೆ. ಆ ಭರಾಟೆಯಲ್ಲಿ ಪಾವ್-ಚು ಅಜ್ಜಿ ಊರಿಗೆ ಹೊರಡುವ ಮುಂಚೆ ಆ ಜಾಕೆಟ್ಟನ್ನೂ ಒಗೆಯುವ ಮಿಷಿನ್ನಿಗೆ ತುರುಕಿ, ಒಗೆದು, ಮಡಿಸಿ, ಬುಟ್ಟಿಯಲ್ಲಿ ವಾಪಸು ಇಟ್ಟು ರೈಲು ಹತ್ತಿಬಿಟ್ಟರು. ವಯಸ್ಸಾದವರು, ಮರೆವು.

ಮೂಲಂಗಿ ಜಾಕೆಟ್ಟನ್ನು ಮೂಸಿತು. ಒಂದು ಸುತ್ತು ಬಂತು. ಮತ್ತೆ ಮೂಸಿತು. ಆಮೇಲೆ ಹೋಗಿ ಒಗೆಯುವ ಮಿಷಿನ್ನಿನ ಮುಂದೆ ಕೂತಿತು. ಅಲ್ಲಿಂದ ಏಳಲಿಲ್ಲ, ಬಟ್ಟಲಿಗೆ ಬಾಯಿ ಹಾಕಲಿಲ್ಲ. ಮೂರು ದಿನ ಉಪವಾಸ ಬಿದ್ದ ಬೆಕ್ಕು ಮತ್ತೆ ಏಳುವುದು ಕಷ್ಟ. ಹಬ್ಬದ ದಿನಗಳು, ಪಶುವೈದ್ಯರ ಬಾಗಿಲು ಮುಚ್ಚಿದೆ. ಕಸದ ಲಾರಿಗೂ ರಜೆ, ಬೀದಿಗಿಳಿದು ಯಾರನ್ನಾದರೂ ಕೇಳೋಣವೆಂದರೆ ಬೀದಿಯೇ ಖಾಲಿ. ಸು-ಚಿನ್ ಕೋಳಿ ಬೇಯಿಸಿದರು, ಮೀನು ಬೇಯಿಸಿದರು, ಹದಿನೆಂಟು ಬಗೆಯ ಅಡುಗೆ ಮಾಡಿದರು. ವಾಸನೆಗೆ ಅಕ್ಕಪಕ್ಕದ ಎಪ್ಪತ್ತು ಬೆಕ್ಕುಗಳು ಮಹಡಿಯ ಕಟ್ಟೆಯ ಮೇಲೆ ಸಾಲುಗಟ್ಟಿ ಕೂತವು. ಮೂಲಂಗಿ ಮಾತ್ರ ತಿರುಗಿ ನೋಡಲಿಲ್ಲ.

ಆಗ ಸು-ಚಿನ್ ಕಣ್ಣು ಮುಚ್ಚಿ ಮೂಗೆತ್ತಿ ನಿಂತರು. ವಿಮಾನ ನಿಲ್ದಾಣದ ಪೊಲೀಸ್ ನಾಯಿಗಳು ಇವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು, ಅಂಥ ಮೂಗು. ವಾಸನೆಯ ಎಳೆ ಹಿಡಿದು ನಾಲ್ಕು ಮಹಡಿ ಇಳಿದರು, ಸಾಲಾಗಿ ನಿಂತ ನಲವತ್ತು ಸ್ಕೂಟರುಗಳಲ್ಲಿ ಧೂಳು ಹಿಡಿದ ಒಂದು ಹಸಿರು ಸ್ಕೂಟರಿನ ಮುಂದೆ ನಿಂತರು. ಸೀಟು ಎತ್ತಿದರೆ ಒಳಗೆ ತೀರಿಕೊಂಡ ಚಾಲಕರ ಹೆಲ್ಮೆಟ್ಟು, ಒಳಗಿನ ಮೆತ್ತೆಯಲ್ಲಿ ಹದಿನೈದು ವರ್ಷದ ತಲೆಯ ಎಣ್ಣೆ, ಬೆವರು. ಬೀಗ ಹೇಗೆ ತೆರೆಯಿತು ಎಂದು ಕೇಳಬೇಡಿ. ಹೆಲ್ಮೆಟ್ಟನ್ನು ಅಂಗಾತ ಇಟ್ಟಿದ್ದೇ ತಡ, ಮೂಲಂಗಿ ಬಂತು, ತಲೆಯನ್ನು ಒಳಗೆ ತೂರಿಸಿತು, ಪೂರ್ತಿ ಒಳಗಿಳಿದು ಸುತ್ತಿಕೊಂಡಿತು. ಅಲ್ಲೇ ಕೂತು ಎರಡು ಕಿಲೋ ಕೋಳಿ ತಿಂದಿತು. ಅಜ್ಜಿ ಮಾಡಿದ ಎಡವಟ್ಟನ್ನು ಸು-ಚಿನ್ ಅವರ ಮೂಗು ಸರಿಪಡಿಸಿತು.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸು-ಚಿನ್ ಮೊದಲೇ ಒಂದು ಕರಾರು ಹಾಕಿದ್ದರು: ಅಚ್ಚಿಗೆ ಕೊಡುವ ಮುಂಚೆ ತಮಗೆ ಓದಿ ಹೇಳಬೇಕು. ಇಪ್ಪತ್ತನಾಲ್ಕನೇ ತಾರೀಕು ಮಧ್ಯಾಹ್ನ, ಅದೇ ತೈನಾನ್ ಮನೆಯ ಅಡುಗೆಮನೆ. ಸು-ಚಿನ್ ಗೆಣಸು ಎಂಬ ನಾಯಿಗೆ ಗೆಣಸು ಎಂಬ ಗಡ್ಡೆಯನ್ನು ಹೆಚ್ಚುತ್ತಿದ್ದಾರೆ.

ಅಧ್ಯಕ್ಷೆಯ ಮಾತಿಗೆ ನಕ್ಕರು. ಅದು ಇರಲಿ ಬಿಡು, ತೆಗೆದರೆ ಬೆಕ್ಕುಗಳಿಗೆ ಬೇಜಾರಾಗುತ್ತೆ ಎಂದರು. ಮೂವತ್ತು ವರ್ಷ ಎಂದಾಗ ಚಾಕು ನಿಲ್ಲಿಸದೆಯೇ ಹನ್ನೊಂದು ಎಂದರು. ಎರಡು ಸಾವಿರದ ಮುನ್ನೂರು ಮನೆ ಎಂದಾಗ, ಪುಸ್ತಕದಲ್ಲಿ ಬರೆದಿಟ್ಟಿದೀನಿ, ಇನ್ನೂರ ಹನ್ನೆರಡು ಎಂದರು. ಆಮೆ ಕಚ್ಚಿದ್ದು ನಿಜ. ಮಾತ್ರೆ ಡಬ್ಬಿಯ ಪಕ್ಕ ಕೂತ ಬೆಕ್ಕು ಸುಳ್ಳು. ನಾನೂರು ದಿನಕ್ಕೆ ನನ್ನ ಮುಖ ನೋಡಿದರು ಅಷ್ಟೆ. ಪಾವ್-ಚು ಅಜ್ಜಿ ಜಾಕೆಟ್ಟನ್ನು ಮಿಷಿನ್ನಿಗೆ ತುರುಕಿದರು ಎನ್ನುವಲ್ಲಿಗೆ ಬಂದಾಗ ಚಾಕು ನಿಂತಿತು.

"ಯಾರು ಒಗೆದಿದ್ದು ಅಂತ ಬರೆದಿದೀಯ?"

ಮತ್ತೆ ಓದಬೇಕಾಯಿತು.

"ಮೊನ್ನೆ ನಾನು ನಿಂಗೇನು ಹೇಳಿದ್ದೆ ತಮ್ಮಾ?"

ಮೊನ್ನೆ ಅವರು ಹೇಳಿದ್ದು ಬೇರೆ. ಮೇಲೆ ಒಂದೇ ಒಂದು ತಪ್ಪಿಲ್ಲ ಎಂದು ಬರೆದಾಗಿತ್ತು, ಆ ಸಾಲು ಚೆನ್ನಾಗಿ ಕೂತಿತ್ತು, ಅದಕ್ಕೆ ಹೊಂದಲಿ ಎಂದು ಕೆಳಗೆ ಸ್ವಲ್ಪ ತಿರುಗಿಸಿದೆ ಎಂದು ಒಪ್ಪಿಕೊಳ್ಳದೆ ದಾರಿಯಿರಲಿಲ್ಲ.

"ನಿನ್ನ ಸಾಲು ಉಳಿಸೋಕೆ ಆ ಮುದುಕಿ ತಲೆ ಮೇಲೆ ಹೊರಿಸಿದ್ಯಾ? ಪ್ರತಿ ಶನಿವಾರ ಕನ್ನಡಕ ಹಾಕ್ಕೊಂಡು ನಿಮ್ಮ ಪೇಪರ್ ಓದ್ತಾರೆ ಅವರು. ಅದನ್ನ ಓದಿದ ಮೇಲೆ ಇಪ್ಪತ್ತೆಂಟಕ್ಕೆ ನಾನು ಯಾವ ಮುಖ ಹೊತ್ತು ಆ ಬಾಗಿಲು ತಟ್ಟಲಿ?" ದನಿ ಏರಿಸಲಿಲ್ಲ. ಗೆಣಸಿನ ಹೋಳುಗಳನ್ನು ತಟ್ಟೆಗೆ ಹಾಕಿದರು. "ಇದ್ದದ್ದು ಇದ್ದಂಗೆ ಬರೆಯೋದಾದ್ರೆ ಬರಿ. ಇಲ್ಲಾಂದ್ರೆ ನನ್ನ ಹೆಸರೇ ಬೇಡ."

ಹಾಗಾಗಿ, ಇದ್ದದ್ದು ಇದ್ದಂತೆ.

ಜಾಕೆಟ್ಟು ಒಗೆದವರು ಸು-ಚಿನ್. ಪಾವ್-ಚು ತೈಪೆಗೆ ಹೊರಟ ಮಾರನೇ ದಿನ, ಇಪ್ಪತ್ತೊಂಬತ್ತಕ್ಕೆ, ಹಬ್ಬದ ಮುಂಚೆ ಮನೆ ಹೊಳೆಯಲಿ ಎಂದು ಯಾರೂ ಹೇಳದೆಯೇ ತೊಳೆಯಲು ಶುರುಮಾಡಿದರು. ಪರದೆ, ಕುರ್ಚಿಯ ಹೊದಿಕೆ, ಕೊನೆಗೆ ಬುಟ್ಟಿಯಲ್ಲಿದ್ದ ಕೂದಲು ಮೆತ್ತಿದ ನೀಲಿ ಬಟ್ಟೆ. ಅದರ ಜಿಪ್ಪು ಅರ್ಧಕ್ಕೆ ಕಚ್ಚಿಕೊಂಡಿತ್ತು. ಹಳೆಯ ಕೆಲಸದ ಕೈ ಸುಮ್ಮನಿರಲಿಲ್ಲ, ಮೇಣ ಉಜ್ಜಿ ಅದನ್ನೂ ಸರಿಮಾಡಿದರು. "ಮನೆಮನೆಯಲ್ಲೂ ಒಗೆಯದ ಅಂಗಿ ಕೇಳಿ ಇಸ್ಕೊಳ್ಳೋಳು ನಾನು," ಅನ್ನುತ್ತಾರೆ. "ಅಲ್ಲಿ ಕೇಳದೇನೇ ಸಿಕ್ಕಿತ್ತು. ಒಗೆದುಬಿಟ್ಟೆ."

ಮೂಲಂಗಿ ಮಿಷಿನ್ನಿನ ಮುಂದೆ ಕೂತದ್ದು ನಿಜ, ಉಪವಾಸವೂ ನಿಜ. ಎಪ್ಪತ್ತು ಬೆಕ್ಕುಗಳು ಬರಲಿಲ್ಲ, ಒಂದು ಬಂದಿತ್ತು. ಹೊಸ ವರ್ಷದ ಮೊದಲ ದಿನವೇ ಫೋನು ಮಾಡಬೇಕಿತ್ತು, ಸು-ಚಿನ್ ಮಾಡಲಿಲ್ಲ. "ಮೊದಲ ದಿನ ಕೆಟ್ಟ ಮಾತು ಆಡಬಾರದು ಅಂತಾರಲ್ಲ, ಆ ನೆಪ ಸಿಕ್ಕಿತು. ಒಂದು ದಿನ ತಡ ಮಾಡ್ದೆ. ಅದೂ ತಪ್ಪೇ, ಅದನ್ನೂ ಹಾಕು." ಎರಡನೇ ದಿನ ಬೆಳಗ್ಗೆ ಮಾಡಿದರು. ತೈಪೆಯ ಕಡೆಯಿಂದ ಮೊಮ್ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ನಿಮ್ಮ ಯಜಮಾನರ ಜಾಕೆಟ್ಟು ಒಗೆದುಬಿಟ್ಟೆ, ಮೂಲಂಗಿ ಊಟ ಬಿಟ್ಟಿದೆ ಎಂದರು. ಆ ಕಡೆಯಿಂದ ಫೋನು ಕಡಿದುಹೋಯಿತು.

ಇಪ್ಪತ್ತು ನಿಮಿಷದ ಮೇಲೆ ಪಾವ್-ಚು ತಾವೇ ಮಾಡಿದರು. "ಕೆಳಗೆ ಹಸಿರು ಸ್ಕೂಟರ್ ಇದೆ. ಕೀ ಕ್ಯಾಲೆಂಡರ್ ಹಿಂದೆ. ಸೀಟಿನ ಒಳಗೆ ನಮ್ಮ ಮುದುಕಪ್ಪನ ಹೆಲ್ಮೆಟ್ ಇದೆ, ತಗೊಂಡು ಹೋಗಿ ಇಡು. ಒರೆಸಬೇಡ." ಅಷ್ಟೇ ಹೇಳಿ ಇಟ್ಟರು.

ಮೂಗಿನ ಪ್ರತಾಪ ಏನೂ ಇರಲಿಲ್ಲ, ಕ್ಯಾಲೆಂಡರ್ ಹಿಂದೆ ಕೀ ಇತ್ತು. ಮೂಲಂಗಿ ಹೆಲ್ಮೆಟ್ಟಿನ ಹತ್ತಿರ ಬರಲು ಮಧ್ಯಾಹ್ನದವರೆಗೆ ಹೊತ್ತು ತೆಗೆದುಕೊಂಡಿತು. ತಿಂದದ್ದು ಎರಡು ಚಮಚ.

ಐದನೇ ದಿನ ಪಾವ್-ಚು ವಾಪಸು ಬಂದರು. ಚಪ್ಪಲಿ ಬದಲಿಸುವ ಮುಂಚೆಯೇ ಜಾಕೆಟ್ಟು ಎತ್ತಿ ಮೂಗಿಗೆ ಹಿಡಿದರು. ಸೋಪಿನ ವಾಸನೆ ಬಿಟ್ಟು ಅದರಲ್ಲಿ ಏನಿದ್ದೀತು? ಜಿಪ್ಪನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಎಳೆದು ನೋಡಿದರು. ಇದು ಆರು ವರ್ಷದಿಂದ ಕೆಟ್ಟಿತ್ತು ಎಂದರು. ಸು-ಚಿನ್ ಬೀಗದ ಕೈ ಮೇಜಿನ ಮೇಲಿಟ್ಟು ಸೂಟ್‌ಕೇಸು ಎಳೆದುಕೊಂಡು ಇಳಿದರು, ಆ ಮನೆ ಮುಗಿಯಿತು ಎಂದುಕೊಂಡು. ಹನ್ನೊಂದು ತಿಂಗಳ ಮೇಲೆ ಪಾವ್-ಚು ಫೋನು ಮಾಡಿ, ಈ ವರ್ಷವೂ ಬಾ, ಏನನ್ನೂ ತೊಳೆಯಬೇಡ ಎಂದರು.

"ಅವತ್ತಿಂದ ಆ ಮನೆಯಲ್ಲಿ ನಾನು ಕಸ ಗುಡಿಸೋದು ಬಿಟ್ರೆ ಏನೂ ಮಾಡಿಲ್ಲ. ಕೈ ಕಟ್ಟಿ ಕೂತ್ಕೋತೀನಿ. ನನಗದು ಎಷ್ಟು ಕಷ್ಟ ಅಂತ ನಿಂಗೆ ಗೊತ್ತಾಗಲ್ಲ," ಎಂದು ಸು-ಚಿನ್ ಎದ್ದು ಗೆಣಸಿನ ತಟ್ಟೆಯನ್ನು ಗೆಣಸಿನ ಮುಂದಿಟ್ಟರು. ಗಿಳಿ ಕರೆಂಟ್ ಬಿಲ್ಲಿನ ಪ್ರಶ್ನೆ ಎತ್ತಿತು. ಅವರಪ್ಪನೇ ಎಂದರು. ಮತ್ತೆ ಈ ಕಡೆ ತಿರುಗಿದರು.

"ಫೋನು ಮಾಡಿದ್ದು ನಾನೇ. ಹೊಗಳಲೇಬೇಕು ಅಂತಿದ್ರೆ ಅದನ್ನ ಬರಿ."

ಬರೆದಿದ್ದೇನೆ. ಜಾಕೆಟ್ಟು ಒಗೆದವರು ಲಾಯ್ ಸು-ಚಿನ್. ಫೋನು ಮಾಡಿದವರೂ ಅವರೇ. ಹೆಲ್ಮೆಟ್ಟು ಕೊಟ್ಟವರು ಕೋ ಪಾವ್-ಚು. ಅವರಿಗೆ ಮರೆವಿನ ಲವಲೇಶವೂ ಇಲ್ಲ. ಅದನ್ನು ಹುಟ್ಟಿಸಿದವನು ನಾನು.